ಗುಂತಕಲ್ಲಿನ ಹದಿನೈದು ರೂಪಾಯಿ

ನಮ್ಮ ಕಾಲದವರಿಗೆ ಹೋಟೆಲೆಂದರೆ ಇಡ್ಲಿ ತಿಂದು, ಕಾಫಿ ಕುಡಿದು ಏಳುವ ಜಾಗ. ದುಡ್ಡು ಕೊಟ್ಟು ಅಲ್ಲಿ ಮಲಗುವುದೆಂದರೆ ದುಂದು. ಪರವೂರಿಗೆ ಹೋದರೆ ನೆಂಟರ ಮನೆ, ನೆಂಟರಿಲ್ಲದಿದ್ದರೆ ಛತ್ರ, ಅದೂ ಇಲ್ಲದಿದ್ದರೆ ರೈಲ್ವೆ ಪ್ಲಾಟ್‌ಫಾರಂ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಪೈಸೆ ಪೈಸೆ ತಾಳೆ ಹಾಕಿದ ನನಗಂತೂ ಇದು ವ್ರತದಂತಿತ್ತು.

1983ರಲ್ಲಿ ಮಂತ್ರಾಲಯದಿಂದ ಬರುವಾಗ ಗುಂತಕಲ್ಲಿನಲ್ಲಿ ನಮಗೆ ಗಾಡಿ ತಪ್ಪಿತು. ರಾತ್ರಿ ಹನ್ನೊಂದು ಗಂಟೆ. ಮಡಿಲಲ್ಲಿ ಒಂಬತ್ತು ತಿಂಗಳ ಮಗಳು. ನಿಲ್ದಾಣದ ಎದುರಿಗೇ ಒಂದು ಲಾಡ್ಜ್. ಬಾಡಿಗೆ ಹದಿನೈದು ರೂಪಾಯಿ. "ನಾಲ್ಕು ಗಂಟೆಯ ನಿದ್ದೆಗೆ ಹದಿನೈದೇ?" ಎಂದುಬಿಟ್ಟೆ. ನನ್ನ ಹೆಂಡತಿ ಮಾತಾಡಲಿಲ್ಲ. ಟ್ರಂಕಿಗೆ ಒರಗಿ, ಮಗುವಿಗೆ ಸೆರಗು ಹೊದಿಸಿ ಬೆಳಗಿನವರೆಗೂ ಕೂತಿದ್ದಳು.

ಆ ಮಗು ಈಗ ದೆಹಲಿಯಲ್ಲಿದ್ದಾಳೆ. 2025ರ ದಸರಾ ರಜೆಯಲ್ಲಿ ನಾವಿಬ್ಬರೂ ಎಂಟನೇ ತರಗತಿಯ ಮೊಮ್ಮಗನನ್ನು ಕರೆದುಕೊಂಡು ಅವಳ ಮನೆಗೆ ಹೊರಟೆವು. ವಿಮಾನ ಬೇಡ, ಕಿಟಕಿಯಲ್ಲಿ ಊರುಗಳು ಕಾಣಬೇಕು ಎಂದವಳು ನನ್ನ ಹೆಂಡತಿಯೇ. ಆದರೆ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ದೆಹಲಿಗೆ ಸುಮಾರು 2,400 ಕಿ.ಮೀ.; ಎರಡು ರಾತ್ರಿ, ಒಂದು ಹಗಲು. ಅವಳ ಮಂಡಿನೋವಿಗೆ ಅಷ್ಟು ಹೊತ್ತು ಒಂದೇ ಸಮನೆ ಕೂರಬಾರದೆಂದು ಡಾಕ್ಟರು ಹೇಳಿದ್ದರು. "ನಡುವೆ ಇಳಿದು ಒಂದು ದಿನ ಲಾಡ್ಜಿನಲ್ಲಿ ಉಳಿಯಿರಿ" ಎಂದು ಮಗಳು ಫೋನಿನಲ್ಲಿ ಹಟ ಹಿಡಿದಳು.

ಮಕ್ಕಳೇ, ಇದಕ್ಕೆ ರೈಲ್ವೆಯಲ್ಲಿ 'ಬ್ರೇಕ್ ಜರ್ನಿ' ಎಂಬ ಅನುಕೂಲವಿದೆ. ಟಿಕೆಟ್ 500 ಕಿ.ಮೀ. ಮೀರಿದ್ದರೆ ದಾರಿಯಲ್ಲಿ ಒಂದು ಸಲ, 1,000 ಕಿ.ಮೀ. ಮೀರಿದ್ದರೆ ಎರಡು ಸಲ ಇಳಿಯಬಹುದು. ಮೊದಲ ಸಲ ಇಳಿಯುವುದು 500 ಕಿ.ಮೀ. ಆದ ಮೇಲೆಯೇ. ಪ್ರತಿ ಸಲ ಎರಡು ದಿನ ಉಳಿಯಬಹುದು. ಇಳಿದ ದಿನ, ಹತ್ತುವ ದಿನ ಲೆಕ್ಕಕ್ಕಿಲ್ಲ. ರಾಜಧಾನಿ, ಶತಾಬ್ದಿಯಂಥ ಗಾಡಿಗಳಿಗೆ ಇದು ಇಲ್ಲ. ಕೌಂಟರಿನಲ್ಲಿ ಮೊದಲೇ ಹೇಳಿ ಎರಡೂ ತುಂಡಿಗೆ ಬರ್ತ್ ಕಾಯ್ದಿರಿಸಬೇಕು. ದೂರ ಹೆಚ್ಚಿದಂತೆ ಕಿಲೋಮೀಟರಿನ ದರ ಇಳಿಯುವುದರಿಂದ ಎರಡು ಬಿಡಿ ಟಿಕೆಟ್‌ಗಿಂತ ಒಂದು ಉದ್ದದ ಟಿಕೆಟ್ ಅಗ್ಗ. ಇದು ಗೊತ್ತಾದ ಮೇಲೆ ನಾನು ಒಪ್ಪಿದೆ!

ನಾಗಸಂದ್ರದಲ್ಲಿ ಮೆಟ್ರೊ ಹತ್ತಿ ಮೆಜೆಸ್ಟಿಕ್ಕಿಗೆ ಬಂದು, ಸಂಜೆ ರೈಲು ಹಿಡಿದೆವು. ಗುಂತಕಲ್ಲು ಬಂದಾಗ ಮೊಮ್ಮಗನಿಗೆ ನಿದ್ದೆ. ಅವಳು ಎದ್ದು ಕೂತು ಕಿಟಕಿಯಾಚೆ ನೋಡುತ್ತಿದ್ದಳು. ನಾನು ಕಣ್ಣು ಮುಚ್ಚಿಕೊಂಡೆ.

ಬೆಳಿಗ್ಗೆ ಸೊಲ್ಲಾಪುರದಲ್ಲಿ ಇಳಿದು, ಫೋನಿನಲ್ಲಿ ಗೊತ್ತುಮಾಡಿದ್ದ ಲಾಡ್ಜಿಗೆ ಹೋದೆವು. ದಿನಕ್ಕೆ 1,900 ರೂಪಾಯಿ. ಹೋದರೆ ಎರಡು ತೊಡಕು. ರೂಮು ಕೊಡುವುದು ಮಧ್ಯಾಹ್ನ ಹನ್ನೆರಡಕ್ಕೆ. ಲಿಫ್ಟ್ ಇದೆ ಎಂದಿದ್ದರು; ಇತ್ತು, ಆದರೆ ಕೆಟ್ಟಿತ್ತು. ನಮ್ಮ ರೂಮು ಮೂರನೇ ಮಹಡಿಯಲ್ಲಿ! ಅವಳು ಮೆಟ್ಟಿಲುಗಳನ್ನು ನೋಡಿ ಸುಮ್ಮನೆ ಸೂಟ್‌ಕೇಸಿನ ಮೇಲೆ ಕೂತಳು. ನನಗೆ ಥಟ್ಟನೆ ಆ ಟ್ರಂಕು ನೆನಪಾಯಿತು.

ಹರುಕು ಮುರುಕು ಹಿಂದಿಯಲ್ಲಿ ನಾನು ಜಗಳಕ್ಕೆ ನಿಂತಾಗ ಕೌಂಟರಿನ ಹುಡುಗ ಕೇಳಿದ, "ಅಜ್ಜಾರ, ಕನ್ನಡದವರೇನ್ರಿ?" ಅಕ್ಕಲಕೋಟದವನಂತೆ. "ಅಮ್ಮಾರಿಗೆ ಮ್ಯಾಲೆ ಹತ್ತಾಕ ಆಗಂಗಿಲ್ಲ. ಕೆಳಗ ಒಂದು ರೂಮ್ ಖಾಲಿ ಆಗೇತ್ರಿ. ಅರ್ಧಾ ತಾಸು ಕೂಡ್ರಿ, ಸ್ವಚ್ಛ ಮಾಡಿಸಿಕೊಡ್ತೀನಿ." ಹೆಚ್ಚಿನ ಹಣವನ್ನೂ ಕೇಳಲಿಲ್ಲ.

ಎಲ್ಲ ಕಡೆ ಇಂಥ ಹುಡುಗ ಸಿಗುವುದಿಲ್ಲ. ಆದ್ದರಿಂದ ಹಿರಿಯರು ಫೋನಿನಲ್ಲೇ ಕೇಳಿಬಿಡಿ: ರೂಮು ಎಷ್ಟು ಗಂಟೆಗೆ ಕೊಡುತ್ತೀರಿ? ಲಿಫ್ಟ್ ಇವತ್ತು ಓಡುತ್ತಿದೆಯೇ? ಕೆಳಗಿನ ರೂಮು ಸಿಗುತ್ತದೆಯೇ? ಕಮೋಡ್ ಇದೆಯೇ? ಬಿಸಿನೀರು ಎಷ್ಟು ಗಂಟೆಯವರೆಗೆ? ಗುರುತಿನ ಚೀಟಿಯನ್ನು ಮೇಲಿನ ಜೇಬಿನಲ್ಲೇ ಇಟ್ಟುಕೊಳ್ಳಿ.

ಸ್ನಾನ ಮಾಡಿ, ಊಟ ಮಾಡಿ ಅವಳು ಮಲಗಿದಳು. ಕುಕ್ಕರ್ ಕೂಗಲಿಲ್ಲ, ಬಾಗಿಲು ಬಡಿಯಲಿಲ್ಲ, ಯಾರೂ ಕಾಫಿ ಕೇಳಲಿಲ್ಲ. ಮೂರು ಗಂಟೆ ನಿದ್ದೆ! ಅಷ್ಟು ವರ್ಷಗಳ ಸಂಸಾರದಲ್ಲಿ ಅವಳು ಮಧ್ಯಾಹ್ನ ಹಾಗೆ ಮಲಗಿದ್ದನ್ನು ನಾನು ನೋಡಿರಲಿಲ್ಲ.

ಸಂಜೆ ಆಟೋದಲ್ಲಿ ಸಿದ್ಧೇಶ್ವರ ಗುಡಿಗೆ ಹೋದೆವು. ಕೆರೆಯ ನಡುವೆ ಗುಡಿ, ಪಕ್ಕದಲ್ಲೇ ಹಳೆಯ ಕೋಟೆ. 12ನೇ ಶತಮಾನದ ವಚನಕಾರ ಸಿದ್ಧರಾಮರ ಊರು ಸೊನ್ನಲಿಗೆ ಎಂದರೆ ಇದೇ ಸೊಲ್ಲಾಪುರ. ಶರಣರು ಜನರನ್ನು ಕೂಡಿಸಿ ಕೆರೆ ಕಟ್ಟಿಸಿದರೆಂದು ಪಾಠದಲ್ಲಿ ಓದಿದ್ದ ಮೊಮ್ಮಗ, "ಅದೇ ಕೆರೆನಾ ತಾತ?" ಎಂದು ಎರಡೆರಡು ಸಲ ಕೇಳಿದ. ಮೆಟ್ಟಿಲ ಮೇಲೆ ಕೂತಿದ್ದ ಹೆಂಗಸರ ಕನ್ನಡಕ್ಕೆ ಅವಳೂ ಮಾತು ಕೂಡಿಸಿದಳು.

ರಾತ್ರಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಊಟ ಮುಗಿಸಿ ಅವಳು ನಿಧಾನವಾಗಿ ಹೇಳಿದಳು: "ಗುಂತಕಲ್ಲಿನಲ್ಲಿ ಹದಿನೈದು ರೂಪಾಯಿ ಉಳಿಸಿದ್ರಲ್ಲ, ಅದಕ್ಕೆ ಇಷ್ಟು ವರ್ಷದ ಬಡ್ಡಿ ಎಷ್ಟಾಯ್ತು, ಲೆಕ್ಕ ಹಾಕಿ ನೋಡೋಣ."

ಮೊಮ್ಮಗ ಪೆನ್ನು ತಂದ. ಒಂದು ಸುಲಭದ ಸೂತ್ರ ಹೇಳಿಕೊಟ್ಟೆ: 72ನ್ನು ಬಡ್ಡಿದರದಿಂದ ಭಾಗಿಸಿದರೆ ಹಣ ದುಪ್ಪಟ್ಟಾಗಲು ಬೇಕಾದ ವರ್ಷ ಸುಮಾರಾಗಿ ಸಿಗುತ್ತದೆ. ಶೇಕಡಾ 12ರ ಚಕ್ರಬಡ್ಡಿಗೆ ಆರು ವರ್ಷ. 42 ವರ್ಷದಲ್ಲಿ ಏಳು ಸಲ ದುಪ್ಪಟ್ಟು. 15, 30, 60, 120, 240, 480, 960... "1,920, ತಾತ! ರೂಮಿನ ಬಾಡಿಗೆ 1,900!"

"ಸರಿ ಹಾಗಾದ್ರೆ, ಸಾಲ ತೀರಿತು" ಎಂದಳು.

"ಇನ್ನೂ ಇಪ್ಪತ್ತು ಬಾಕಿ ಇದೆ ಅಜ್ಜಿ" ಎಂದ ಹುಡುಗ.

ಮರುದಿನ ಬೆಳಿಗ್ಗೆ ಸೊಲ್ಲಾಪುರದ ಪ್ಲಾಟ್‌ಫಾರಂನಲ್ಲಿ ಆ ಇಪ್ಪತ್ತಕ್ಕೆ ಎರಡು ಚಹಾ ತಂದೆ. ಒಂದನ್ನು ಅವಳಿಗೆ ಕೊಟ್ಟು ಪಕ್ಕದಲ್ಲಿ ಕೂತೆ.