ಘಟ್ಟದ ಮೇಲಿನ ಪೇಟೆಗಳೂ ನೌಕಾಯಾನ ಸ್ವಾತಂತ್ರ್ಯವೂ

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳು ಕಡಲನ್ನು ಕಾಣದ ಊರುಗಳು. ಆದುದರಿಂದ ನೌಕಾಯಾನ ಸ್ವಾತಂತ್ರ್ಯವು ಕೇವಲ ಕರಾವಳಿಯವರ ಚಿಂತೆಯೆಂದು ನಮ್ಮಲ್ಲಿ ಹಲವರು ಎಣಿಸುವುದುಂಟು. ಇತಿಹಾಸವು ಈ ಎಣಿಕೆಗೆ ಆಧಾರವನ್ನೊದಗಿಸುವುದಿಲ್ಲ.

ಹದಿನಾರನೆಯ ಶತಮಾನದ ಆರಂಭದಲ್ಲಿ ಪೋರ್ತುಗೀಜರು ಅರಬ್ಬೀ ಸಮುದ್ರದಲ್ಲಿ 'ಕಾರ್ತಾಜ್' ಎಂಬ ರಹದಾರಿ ಪತ್ರದ ಪದ್ಧತಿಯನ್ನು ತಂದರು. ಹಡಗಾವುದು, ಸರಕೇನು, ಹೋಗುವ ಬಂದರಾವುದು ಎಂಬುದೆಲ್ಲ ಅದರಲ್ಲಿ ನಮೂದಾಗಬೇಕು; ಪತ್ರವಿಲ್ಲದ ಹಡಗು ಸರಕುಸಹಿತ ಅವರ ವಶ. ಪತ್ರದ ಶುಲ್ಕ ಅಲ್ಪವೇ. ಆದರೆ ಅವರ ಬಂದರಿನಲ್ಲಿ ತಂಗಿ ಸುಂಕ ತೆರಬೇಕಾದುದೇ ನಿಜವಾದ ಹೊರೆ. 1547ರ ಒಪ್ಪಂದದಿಂದ ವಿಜಯನಗರದ ಸದಾಶಿವರಾಯನು ಗೋವೆಗೆ ಬರುವ ಕುದುರೆಗಳನ್ನು ಪಡೆಯಬೇಕಾಯಿತು. ಇಷ್ಟು ದೊಡ್ಡ ಸಾಮ್ರಾಜ್ಯವು ತನ್ನ ಅಶ್ವಬಲಕ್ಕಾಗಿ ಸಮುದ್ರಾಧಿಪತಿಗಳ ಒಪ್ಪಿಗೆಯನ್ನು ಅರಸಬೇಕಾದುದು ಗಮನಾರ್ಹ. ಕೆಳದಿಯ ಶಿವಪ್ಪ ನಾಯಕನು 1650ರ ದಶಕದಲ್ಲಿ ಹೊನ್ನಾವರ, ಬಸರೂರುಗಳನ್ನು ಗೆದ್ದನು. ಕೋಟೆಗಳು ದಕ್ಕಿದರೂ ಕಡಲು ದಕ್ಕಲಿಲ್ಲ.

1609ರಲ್ಲಿ ಡಚ್ ನ್ಯಾಯವೇತ್ತ ಗ್ರೋಷಿಯಸನು ಸಮುದ್ರವು ಯಾರ ಸ್ವತ್ತೂ ಅಲ್ಲವೆಂದು ವಾದಿಸಿದನು. ಮುಂದೆ ಅವನ ದೇಶದ ಕಂಪನಿಯೇ ಮಲಬಾರಿನಲ್ಲಿ ಪತ್ರಗಳನ್ನು ಹಂಚತೊಡಗಿದುದನ್ನೂ ನೆನೆಯಬೇಕು.

ನಮ್ಮ ಭಾಗಕ್ಕೆ ಅತಿ ಸಮೀಪದ ನಿದರ್ಶನ ಹತ್ತಿಯದು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ತೊಡಗಿ, ಉತ್ತರದವರ ನೌಕಾಪಡೆ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿತು. ಲ್ಯಾಂಕಷೈರಿನ ಗಿರಣಿಗಳು ಹತ್ತಿಗಾಗಿ ಭಾರತದತ್ತ ತಿರುಗಿದವು. ಹಾವೇರಿ, ರಾಣೇಬೆನ್ನೂರುಗಳನ್ನೊಳಗೊಂಡಿದ್ದ ಅಂದಿನ ಧಾರವಾಡ ಜಿಲ್ಲೆಯ ಹತ್ತಿಯು ಘಟ್ಟವಿಳಿದು ಕುಮಟೆಯಲ್ಲಿ ಹಡಗನ್ನೇರುತ್ತಿತ್ತು. ಆದುದರಿಂದಲೇ ಪರದೇಶದ ಪೇಟೆಗಳಲ್ಲಿ ಅದಕ್ಕೆ 'ಕುಮಟಾ ಹತ್ತಿ' ಎಂಬ ಹೆಸರು. ಬೆಳೆದ ಊರು ಮರೆಯಾಗಿ ಹಡಗು ಹತ್ತಿದ ಊರು ಉಳಿಯಿತು. ಬೆಲೆ ಗಗನಕ್ಕೇರಿತು. 1865ರಲ್ಲಿ ಯುದ್ಧ ಮುಗಿದು ಆ ಬಂದರುಗಳು ತೆರೆದೊಡನೆ ಅದು ಕುಸಿಯಿತು. ಎಲ್ಲಿಯೋ ಒಂದು ಸಮುದ್ರ ಮುಚ್ಚಿದುದರಿಂದ ಇಲ್ಲಿಯ ರೈತನು ಗಳಿಸಿದನು, ತೆರೆದುದರಿಂದ ಕಳೆದುಕೊಂಡನು. ಎರಡೂ ಅವನ ಕೈಯಲ್ಲಿರಲಿಲ್ಲ.

1982ರ ಸಮುದ್ರ ಕಾನೂನಿನ ಒಡಂಬಡಿಕೆಯು ತೀರದಿಂದ 12 ನಾಟಿಕಲ್ ಮೈಲುಗಳವರೆಗೆ ರಾಷ್ಟ್ರದ ಒಡೆತನವನ್ನು ಮಾನ್ಯಮಾಡಿ, ಅದರೊಳಗೂ ಅನ್ಯ ಹಡಗುಗಳ ನಿರುಪದ್ರವಿ ಸಂಚಾರಕ್ಕೆ ಎಡೆಗೊಟ್ಟಿದೆ. ಭಾರತವು 1995ರಲ್ಲಿ ಇದನ್ನು ಅನುಮೋದಿಸಿತು. ಆದರೂ 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಗಳು ಆರಂಭವಾದಾಗ, ಯುರೋಪಿಗೆ ಹೊರಟ ಅನೇಕ ಹಡಗುಗಳು ಆಫ್ರಿಕದ ತುದಿಯನ್ನು ಸುತ್ತಬೇಕಾಗಿ ಬಂದು, ಸಾಗಣೆಯ ವೆಚ್ಚವೂ ದಿನಗಳೂ ಹೆಚ್ಚಿದವು. ಬ್ಯಾಡಗಿಯ ಮೆಣಸಿನಕಾಯಿಯಿಂದ ತೆಗೆಯುವ ಕೆಂಪು ಸತ್ತ್ವವು ವಿದೇಶಗಳಿಗೆ ಸಾಗುವುದು ಹಡಗುಗಳಲ್ಲಿಯೇ. ಆ ಮೆಣಸಿನ ಗಿಡವನ್ನು ಅಮೆರಿಕದಿಂದ ನಮ್ಮ ದೇಶಕ್ಕೆ ತಂದವರು, ಕಾರ್ತಾಜಿನ ಕರ್ತೃಗಳಾದ ಪೋರ್ತುಗೀಜರೇ.