ಮಗನ ಹಲ್ಲಿನ ಕಂದು ಕಲೆ

ಪ್ರಶ್ನೆ: ಹತ್ತು ವರ್ಷದ ಮಗನ ಮುಂದಿನ ಹಲ್ಲುಗಳ ಮೇಲೆ ಕಂದು ಗೆರೆಗಳಿವೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಏಕೆ?
– ಓದುಗರು, ಹೆಬ್ಬೂರು

ಉತ್ತರ: ಅದು ಫ್ಲೋರೈಡ್ ಕಲೆಯಿರಬಹುದು. ತುಮಕೂರು ಜಿಲ್ಲೆಯಲ್ಲಿ, ಅದರಲ್ಲೂ ಪಾವಗಡದ ಕಡೆ, ಬಂಡೆಯ ಖನಿಜ ಕರಗಿ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಎಳೆಯ ಮಕ್ಕಳು ವರ್ಷಗಟ್ಟಲೆ ಕುಡಿದರೆ, ವಸಡಿನೊಳಗೆ ಇನ್ನೂ ರೂಪುಗೊಳ್ಳುತ್ತಿರುವ ಹಲ್ಲಿನ ಎನಾಮಲ್ಲೇ ಕೆಡುತ್ತದೆ. ಉಜ್ಜಿಲ್ಲವೆಂದು ಮಗನನ್ನು ದಯವಿಟ್ಟು ಬೈಯಬೇಡಿ. ಇದ್ದಿಲು, ಇಟ್ಟಿಗೆ ಪುಡಿಯಿಂದ ತಿಕ್ಕಿಸಲೂಬೇಡಿ, ಹಲ್ಲು ಸವೆಯುತ್ತದೆ. ಕಲೆಯನ್ನು ದಂತವೈದ್ಯರು ತಿಳಿಯಾಗಿಸಬಲ್ಲರು.

ಮನೆಯಲ್ಲಿ ಎಂಟು ವರ್ಷದೊಳಗಿನ ಮಕ್ಕಳಿದ್ದರೆ ಮೊದಲು ನೀರು ಪರೀಕ್ಷೆ ಮಾಡಿಸಿ. ಕಾಯಿಸಿದರೆ ಫ್ಲೋರೈಡ್ ಹೋಗದು. ಆರ್‌ಒ ಘಟಕದ ನೀರಿನಲ್ಲಿ ಕಡಿಮೆಯಿರುತ್ತದೆ. ಫ್ಲೋರೈಡ್ ಇರುವ ಪೇಸ್ಟ್ ಕೂಡ ಮೂರು ವರ್ಷ ದಾಟಿದ ಮಕ್ಕಳಿಗೆ ಬಟಾಣಿ ಕಾಳಿನಷ್ಟು ಸಾಕು. ನುಂಗದೆ ಉಗಿಯುವುದನ್ನು ಕಲಿಸಿ.