ತಂದೆಯ ಚಿತ್ರ, ಮಗನ ಜವಾಬ್ದಾರಿ: ರೋರಿಚ್ ಮನೆತನದ ಸಂಗ್ರಹ

ಬೆಂಗಳೂರಿನ ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತು ಬಹಳ ಜನಕ್ಕೆ ಗೊತ್ತಿರುವುದು ಚಿತ್ರಸಂತೆಯಿಂದ. ಅದರ ಕಟ್ಟಡದೊಳಗೆ ರೋರಿಚ್ ಹೆಸರಿನ ಗ್ಯಾಲರಿಗಳಿವೆ. ತಂದೆ ನಿಕೋಲಸ್ ರೋರಿಚ್ ಬರೆದ ಹಿಮಾಲಯ ಒಂದೆಡೆ. ಮಗ ಸ್ವೆತೋಸ್ಲಾವ್ ಬರೆದ ನೆಲ, ಜನ, ಭಾವಚಿತ್ರಗಳು ಇನ್ನೊಂದೆಡೆ. ನಿಕೋಲಸ್ ಆರಂಭದಲ್ಲಿ ತೈಲವರ್ಣದಲ್ಲೇ ಬರೆಯುತ್ತಿದ್ದರು. ಮಾಸ್ಕೋದ ಟ್ರೆಟ್ಯಾಕೋವ್ ಗ್ಯಾಲರಿಗಾಗಿ ಕೊಳ್ಳಲಾದ, 1897ರ ‘ದೂತ’ ತೈಲಚಿತ್ರವೇ. ಎಣ್ಣೆ ಕಾಲಕ್ರಮೇಣ ಹಳದಿಗೆ ತಿರುಗಿ ಬಣ್ಣವನ್ನು ಕಂದಿಸುತ್ತದೆಂದು ಆಮೇಲೆ ಅವರು ನೀರಿನಲ್ಲಿ ಕಲಸುವ ಟೆಂಪೆರಾ ಬಣ್ಣಕ್ಕೆ ಹೊರಳಿದರು. ಪರಿಷತ್ತಿನ ಹಿಮಾಲಯದ ಚಿತ್ರಗಳನ್ನು ಹತ್ತಿರ ನಿಂತು ನೋಡಿದರೆ ಈ ಮಾತು ಕಣ್ಣಿಗೇ ತಿಳಿಯುತ್ತದೆ. ಮೇಲ್ಮೈಯಲ್ಲಿ ತೈಲಚಿತ್ರದ ಹೊಳಪಿಲ್ಲ, ದೀಪದ ಬೆಳಕು ಎಲ್ಲೂ ಪ್ರತಿಫಲಿಸುವುದಿಲ್ಲ. ನೀಲಿ, ನೇರಳೆ ನೆರಳುಗಳು ಬಟ್ಟೆಯೊಳಗೇ ಇಂಗಿದಂತಿವೆ, ಹಿಮದ ಅಂಚು ಮಾತ್ರ ಚೂಪಾಗಿ ಎದ್ದು ನಿಂತಿದೆ. ಅಪ್ಪ ಅಥವಾ ಅಮ್ಮ ಬರೆದ ಚಿತ್ರಗಳು ಮನೆಯಲ್ಲಿ ಉಳಿದಾಗ ಮಕ್ಕಳು ಅವನ್ನೇನು ಮಾಡಬೇಕು ಎಂಬ ಪ್ರಶ್ನೆಗೆ ಈ ಮನೆತನದ ಕಥೆಯಷ್ಟು ವಿವರವಾದ ಉತ್ತರ ನಮ್ಮ ಸಮೀಪದಲ್ಲಿ ಬೇರೆಲ್ಲೂ ಸಿಗದು. ಚಿತ್ರಗಳನ್ನು ಕಾಪಾಡಲು ಪ್ರೀತಿಯೊಂದೇ ಸಾಲದು. ಬದುಕಿರುವಾಗಲೇ ಮಾಡಿಟ್ಟ ಸ್ಪಷ್ಟ ಕಾಗದಪತ್ರ, ಪಟ್ಟಿ ಮತ್ತು ಸಾರ್ವಜನಿಕ ಗೋಡೆ, ಈ ಮೂರೂ ಬೇಕು.

ನಿಕೋಲಸ್ ಹುಟ್ಟಿದ್ದು 1874ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ರಷ್ಯಾ ಬಿಟ್ಟು, ಅಮೆರಿಕ ಸುತ್ತಿ, ಮಧ್ಯ ಏಷ್ಯಾದ ಮರುಭೂಮಿ ಮತ್ತು ಟಿಬೆಟ್ ದಾಟಿ, 1928ರ ಹೊತ್ತಿಗೆ ಕುಲು ಕಣಿವೆಯ ನಗ್ಗರ್‌ನಲ್ಲಿ ಕುಟುಂಬ ಸಮೇತ ನೆಲೆಸಿದರು. ಅವರು ಬರೆದ ಚಿತ್ರಗಳು ಸುಮಾರು 7,000 ಎಂಬ ಲೆಕ್ಕವಿದೆ. ಯುದ್ಧದ ಕಾಲದಲ್ಲೂ ಕಲಾನಿಧಿಗಳನ್ನು ರಕ್ಷಿಸಬೇಕೆಂಬ ‘ರೋರಿಚ್ ಒಪ್ಪಂದ’ಕ್ಕೆ 1935ರಲ್ಲಿ ವಾಷಿಂಗ್ಟನ್‌ನಲ್ಲಿ ಸಹಿ ಬಿದ್ದದ್ದು ಅವರದೇ ಪ್ರಯತ್ನದಿಂದ. ಅಂಥವರ ಸ್ವಂತ ಚಿತ್ರಗಳ ಗತಿ ಏನಾಯಿತು ನೋಡಿ. ನ್ಯೂಯಾರ್ಕ್‌ನಲ್ಲಿ 1923ರಲ್ಲೇ ಅವರ ಹೆಸರಿನ ಮ್ಯೂಸಿಯಂ ಆಗಿತ್ತು, 1929ರಲ್ಲಿ ಅದಕ್ಕೊಂದು ಗಗನಚುಂಬಿ ಕಟ್ಟಡವೂ ಎದ್ದಿತು. ಮುಂದಿನ ದಶಕದಲ್ಲಿ ಆಶ್ರಯದಾತರೊಂದಿಗೆ ಸಂಬಂಧ ಹಳಸಿ, ಒಡೆತನದ ಜಗಳ ನ್ಯಾಯಾಲಯ ಹತ್ತಿ, ಕಟ್ಟಡವೂ ಅಲ್ಲಿದ್ದ ಚಿತ್ರಗಳೂ ಕೈತಪ್ಪಿದವು. ಹಿತೈಷಿಗಳು 1949ರಲ್ಲಿ 107ನೇ ಬೀದಿಯ ಮನೆಯೊಂದರಲ್ಲಿ ಮತ್ತೆ ಮ್ಯೂಸಿಯಂ ತೆರೆದರು; ಅದು ಇವತ್ತಿಗೂ ನಡೆಯುತ್ತಿದೆ. ನಂಬಿಕೆಯ ಮೇಲೆ ಬಿಟ್ಟದ್ದು ಹೋಯಿತು.

1947ರ ಡಿಸೆಂಬರ್‌ನಲ್ಲಿ ನಿಕೋಲಸ್ ತೀರಿಕೊಂಡ ಮೇಲೆ ಹೊಣೆ ಇಬ್ಬರು ಗಂಡುಮಕ್ಕಳ ಹೆಗಲಿಗೆ ಬಿತ್ತು. ಹಿರಿಯ ಮಗ, ಟಿಬೆಟ್ ವಿದ್ವಾಂಸ ಯೂರಿ, 1957ರಲ್ಲಿ ಸೋವಿಯತ್ ಒಕ್ಕೂಟಕ್ಕೆ ಮರಳುವಾಗ ತಂದೆಯ ನೂರಾರು ಚಿತ್ರಗಳನ್ನು ಜೊತೆಗೊಯ್ದರು. ಮರುವರ್ಷ ಮಾಸ್ಕೋದಲ್ಲಿ ಪ್ರದರ್ಶನವಾಯಿತು, ದೊಡ್ಡ ಪಾಲು ಸರ್ಕಾರಿ ಸಂಗ್ರಹಾಲಯಗಳಿಗೆ ಸೇರಿತು. ಯೂರಿ 1960ರಲ್ಲೇ ಹಠಾತ್ತನೆ ನಿಧನರಾದರು. ಮೂರು ವರ್ಷ ತಡಮಾಡಿದ್ದರೆ ಆ ಕೆಲಸ ಆಗುತ್ತಲೇ ಇರಲಿಲ್ಲ. ಕಿರಿಯ ಮಗ ಸ್ವೆತೋಸ್ಲಾವ್ 1945ರಲ್ಲಿ ನಟಿ ದೇವಿಕಾರಾಣಿಯನ್ನು ಮದುವೆಯಾಗಿ, ಆಮೇಲೆ ಬೆಂಗಳೂರಿನ ಹೊರವಲಯದ ಕನಕಪುರ ರಸ್ತೆಯ ತಾತಗುಣಿ ತೋಟದಲ್ಲಿ ನೆಲೆಸಿದರು. ತಾವೂ ಬರೆಯುತ್ತ, ತಂದೆಯ ಭಾವಚಿತ್ರವನ್ನು ಮತ್ತೆ ಮತ್ತೆ ಬರೆಯುತ್ತ, ತಂದೆಯ ಚಿತ್ರಗಳನ್ನೂ ಕಾದರು. ಅಣ್ಣನಿಗೂ ತಮ್ಮನಿಗೂ ಮಕ್ಕಳಿರಲಿಲ್ಲ. ಆದ್ದರಿಂದ ಮುಂದೆ ಯಾರೋ ನೋಡಿಕೊಳ್ಳುತ್ತಾರೆ ಎಂದು ಬಿಡುವ ಅನುಕೂಲ ಈ ಮನೆಗೆ ಇರಲೇ ಇಲ್ಲ.

ಸ್ವೆತೋಸ್ಲಾವ್ 1993ರ ಜನವರಿಯಲ್ಲಿ, ದೇವಿಕಾರಾಣಿ 1994ರ ಮಾರ್ಚ್‌ನಲ್ಲಿ ತೀರಿಕೊಂಡರು. ಸುಮಾರು 468 ಎಕರೆಯ ತಾತಗುಣಿ ಎಸ್ಟೇಟ್ ವ್ಯಾಜ್ಯದಲ್ಲಿ ಸಿಕ್ಕಿಬಿತ್ತು; ರಾಜ್ಯ ಸರ್ಕಾರ ಅದನ್ನು ವಶಕ್ಕೆ ಪಡೆಯಲು 1996ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಾಯಿತು. ಆ ಕಾಯ್ದೆಯನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಎತ್ತಿಹಿಡಿದದ್ದು 2011ರಲ್ಲಿ. ಆದರೆ ಸ್ವೆತೋಸ್ಲಾವ್ ಕಾಲದಲ್ಲೇ ಪರಿಷತ್ತಿಗೆ ಬಂದ ಚಿತ್ರಗಳು ಈ ವರ್ಷಗಳುದ್ದಕ್ಕೂ ಗೋಡೆಯ ಮೇಲಿದ್ದವು. ಅದೇ ಮನೆತನ, ಅದೇ ಯಜಮಾನ. ಸಾಯುವ ಮೊದಲು ಕೊಟ್ಟದ್ದಕ್ಕೂ ಕೊಡದೆ ಉಳಿದದ್ದಕ್ಕೂ ಇಷ್ಟು ಅಂತರ.

ಸಂಸ್ಥೆಗೆ ಕೊಟ್ಟ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆಯೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ ಅದು. 1990ರಲ್ಲಿ ಸ್ವೆತೋಸ್ಲಾವ್ ತಮ್ಮ ಬಳಿಯಿದ್ದ ಚಿತ್ರಗಳ, ಕಾಗದಪತ್ರಗಳ ದೊಡ್ಡ ಭಾಗವನ್ನು ಮಾಸ್ಕೋದ ಸೋವಿಯತ್ ರೋರಿಚ್ ಪ್ರತಿಷ್ಠಾನಕ್ಕೆ ಒಪ್ಪಿಸಿದರು. ಮರುವರ್ಷವೇ ಸೋವಿಯತ್ ಒಕ್ಕೂಟ ಕುಸಿಯಿತು. ಆ ಆಸ್ತಿಯ ಹಕ್ಕು ಯಾರಿಗೆ ಎಂಬ ಜಗಳ ದಶಕಗಳ ಕಾಲ ಎಳೆದಾಡಿತು. ಸಂಸ್ಥೆ ಮುರಿದುಬಿದ್ದರೆ ಯಾರ ಪಾಲು ಎಂಬುದನ್ನೂ ದಾನಪತ್ರದಲ್ಲೇ ಬರೆಸಬೇಕು ಎಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ಬೇಡ. ಹಾಗೆಯೇ, ಹಂಚಿಬಿಟ್ಟರೆ ಸಂಗ್ರಹದ ಅಖಂಡತೆ ಹಾಳಾಗುತ್ತದೆ ಎಂಬ ಆಕ್ಷೇಪವೂ ಇದೆ. ಕಲಾವಿದನ ಬೆಳವಣಿಗೆಯನ್ನು ಒಂದೇ ಕಡೆ ನೋಡುವ ಲಾಭ ದೊಡ್ಡದು, ಒಪ್ಪುತ್ತೇನೆ. ಆದರೆ ನ್ಯೂಯಾರ್ಕಿನಲ್ಲಿ ಹೋದದ್ದರಿಂದ ನಗ್ಗರ್ ಕೆಡಲಿಲ್ಲ, ಮಾಸ್ಕೋದ ಜಗಳ ಬೆಂಗಳೂರಿನ ಗೋಡೆಯನ್ನು ಮುಟ್ಟಲಿಲ್ಲ. ನಗ್ಗರ್ ಮನೆ 1992ರಲ್ಲಿ ಸ್ಥಾಪನೆಯಾದ ಟ್ರಸ್ಟಿನ ಕೈಯಲ್ಲಿದ್ದು, ಹಿಮಾಲಯದ ಚಿತ್ರಗಳು ಆ ಹಿಮಾಲಯದ ಎದುರಿಗೇ ಇವೆ. ಒಂದೇ ಪೆಟ್ಟಿಗೆಯಲ್ಲಿ ಎಲ್ಲವೂ ಇದ್ದಿದ್ದರೆ ಒಂದೇ ಪೆಟ್ಟಿಗೆ ಎಲ್ಲವೂ ಹೋಗುತ್ತಿತ್ತು.

ರೋರಿಚ್ ಜಗತ್ಪ್ರಸಿದ್ಧ, ನಮ್ಮಪ್ಪ ಊರ ಡ್ರಾಯಿಂಗ್ ಮಾಸ್ತರು, ಅವರ ಚಿತ್ರ ಯಾರಿಗೆ ಬೇಕು ಎನ್ನಬಹುದು. ನನ್ನ ಮಟ್ಟಿಗೆ ಇದೇ ಅತ್ಯಂತ ತಪ್ಪಾದ ಆಕ್ಷೇಪ. ಧಾರವಾಡದಲ್ಲಿ ಡಿ.ವಿ. ಹಾಲಭಾವಿ, ಗದಗಿನಲ್ಲಿ ಟಿ.ಪಿ. ಅಕ್ಕಿ ಕಟ್ಟಿದ ಶಾಲೆಗಳಿಂದ ಹೊರಬಂದ ಮಾಸ್ತರುಗಳು ಹಳ್ಳಿ ಹಳ್ಳಿಯ ಹೈಸ್ಕೂಲುಗಳಲ್ಲಿ ದುಡಿದರು, ರಜೆಯಲ್ಲಿ ಕ್ಯಾನ್ವಾಸ್ ಹೂಡಿದರು. ಕರ್ನಾಟಕದ ಕಲಾ ಇತಿಹಾಸ ಹತ್ತು ಹೆಸರುಗಳಲ್ಲಿ ನಿಂತಿರುವುದಕ್ಕೆ ಉಳಿದವರ ಕೆಲಸ ಅಟ್ಟದ ಮೇಲೆ ಮಳೆಗಾಲದ ಬೂಸ್ಟು ಹಿಡಿದು ಹೋದದ್ದೂ ಕಾರಣ. ಪ್ರಸಿದ್ಧರ ಚಿತ್ರವನ್ನು ಮಾರುಕಟ್ಟೆಯಾದರೂ ಕಾಯುತ್ತದೆ; ಮಾಸ್ತರರ ಚಿತ್ರಕ್ಕೆ ಮನೆಯವರಲ್ಲದೆ ಯಾರಿದ್ದಾರೆ?

ಆದ್ದರಿಂದ ಅಂಥ ಚಿತ್ರಗಳಿರುವ ಮನೆಯವರಲ್ಲಿ ವಿನಂತಿ. ತೈಲಚಿತ್ರವನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ನೀರಿಳಿಯುವ ಗೋಡೆಗೆ ಒತ್ತಿ ತೂಗಬೇಡಿ. ಪ್ರತಿಯೊಂದನ್ನೂ ಮುಂದೆ ಹಿಂದೆ ಎರಡೂ ಕಡೆ ಫೋಟೊ ತೆಗೆಯಿರಿ. ಅಪ್ಪ ಅಮ್ಮ ಇನ್ನೂ ಇದ್ದರೆ ಪಕ್ಕದಲ್ಲಿ ಕೂತು ಯಾವ ವರ್ಷ, ಯಾವ ಊರು, ಚಿತ್ರದಲ್ಲಿರುವವರು ಯಾರು ಎಂದು ಕೇಳಿ ಬರೆದುಕೊಳ್ಳಿ. ಆ ವಿವರವನ್ನು ಕ್ಯಾನ್ವಾಸಿನ ಮೇಲಲ್ಲ, ಹಿಂದಿನ ಮರದ ಚೌಕಟ್ಟಿನ ಮೇಲೆ ಪೆನ್ಸಿಲಿನಲ್ಲಿ ನಮೂದಿಸಿ. ಯಾವುದು ಮನೆಗೆ, ಯಾವುದು ಶಾಲೆಗೆ, ಯಾವುದು ಮ್ಯೂಸಿಯಮ್ಮಿಗೆ ಎಂಬುದನ್ನು ಅವರ ಸಹಿಯೊಂದಿಗೆ ಈಗಲೇ ತೀರ್ಮಾನಿಸಿ.